ಒಂದು ಮುಖ ಖಾಲಿಯಿದ್ದ ದಾಳ

ನಾನು ತೇಗದ ಮರದ ಒಂದು ದಾಳ. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರ. ಬೇರೆ ದಾಳಗಳ ಹಾಗೆ ನನ್ನ ಮೈಮೇಲೆ ಚುಕ್ಕೆಗಳಿಲ್ಲ. ಒಂದು ಮುಖದಲ್ಲಿ ಬೆಂಕಿಯ ನಾಲಿಗೆ, ಒಂದರಲ್ಲಿ ನೀರಿನ ಅಲೆ, ಒಂದರಲ್ಲಿ ನೆಲದ ಚೌಕ, ಒಂದರಲ್ಲಿ ಗಾಳಿಯ ಸುರುಳಿ, ಒಂದರಲ್ಲಿ ಆಕಾಶದ ದುಂಡು ಕೆತ್ತಿದ್ದಾರೆ. ಆರನೆಯ ಮುಖದಲ್ಲಿ ಏನೂ ಇಲ್ಲ. ಅದು ಖಾಲಿ.

ನನಗೆ ಹೇಸಿಗೆ ಹೆಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಾಳವಾಗುವ ಮುಂಚೆ ನಾನು ಹಳೆಯ ರೈಲು ಡಬ್ಬಿಯೊಂದರಲ್ಲಿ ಸೀಟಿನ ತೋಳಾಗಿದ್ದೆ. ಎಣ್ಣೆ ಹಚ್ಚಿದ ತಲೆಗಳು ನನ್ನ ಮೇಲೆ ಒರಗಿ ನಿದ್ದೆ ಹೋಗಿವೆ. ಕಿತ್ತಳೆ ಸುಲಿದ ಕೈ, ಮೂಗು ಒರೆಸಿಕೊಂಡ ಕೈ, ಎಲೆಗೆ ಹಚ್ಚಿ ಉಳಿದ ಸುಣ್ಣದ ಬೆರಳು, ಎಲ್ಲಕ್ಕೂ ನಾನೇ ಕೈವಸ್ತ್ರ. ಅಷ್ಟು ವರ್ಷ ಅಷ್ಟು ಕೈ ಕಂಡ ಮೇಲೆ ಮನುಷ್ಯರ ಕೈ ಎಂದರೆ ನನ್ನ ಮೈ ಮುದುಡುತ್ತಿತ್ತು. ಹಾಗಿದ್ದೂ ನನ್ನ ಪಾಲಿಗೆ ಬಂದ ಎರಡನೆಯ ಬಾಳು ಪೂರ್ತಿ ಕೈಗಳ ನಡುವಿನದೇ.

ನನಗೆ ಈ ರೂಪ ಕೊಟ್ಟವರು ಹುಬ್ಬಳ್ಳಿಯ ನಾಗೇಂದ್ರಪ್ಪ ಬಡಿಗೇರರು. ರೈಲು ಡಬ್ಬಿ ದುರಸ್ತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಡೆದುಹಾಕಿದ ಡಬ್ಬಿಯ ಮರವನ್ನು ಹರಾಜಿನಲ್ಲಿ ತಂದು ಹಿತ್ತಲಲ್ಲಿ ಪೇರಿಸಿಕೊಂಡಿದ್ದರು. ಒಂದು ದಿನ ಅವರ ಅಣ್ಣನ ಮಗಳು ರೋಹಿಣಿ ಬಂದು, ಕಥೆಯ ಆಟವೊಂದಕ್ಕೆ ದಾಳ ಬೇಕಾಗಿದೆ ಎಂದಳು. ಕಾಗದದ ಮೇಲೆ ಐದು ಗುರುತು ಬರೆದು ತೋರಿಸಿದಳು. "ಬೆರಳಿಗೆ ತಿಳಿಯೂ ಹಂಗ ಆಳವಾಗಿ ಕೆತ್ರಿ ಕಾಕಾ. ಕಣ್ಣಿಗೆ ಚಂದ ಕಾಣದಿದ್ರೂ ನಡೀತೈತಿ" ಎಂದಳು. ಯಾರ ಬೆರಳಿಗೆ ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆ ಹಿರಿಯರ ಕೈಯಲ್ಲೂ ತಂಬಾಕಿನ ವಾಸನೆ ಇತ್ತು. ನಾನು ಮುಖ ಸಿಂಡರಿಸಿದೆ. ಆದರೆ ಕೆತ್ತನೆ ಮುಗಿದ ಮೇಲೆ ಅವರು ನನ್ನ ಅಂಚುಗಳನ್ನೆಲ್ಲ ಉಜ್ಜು ಕಾಗದದಿಂದ ತಿಕ್ಕಿ, ಒಂದೊಂದನ್ನೂ ತಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡರು. ಎಲ್ಲಾದರೂ ಚುಚ್ಚುತ್ತದೆಯೇ ಎಂದು. ಬೆರಳಿನಿಂದ ನೋಡುವವರಿಗೆ ಬೆರಳು ಎಷ್ಟು ಬೆಲೆಯದೆಂದು ಅವರಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ.

ರೋಹಿಣಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಕೈಗೆ ಸ್ಪಿರಿಟ್ಟಿನ ತಣ್ಣನೆಯ ವಾಸನೆ. ಚೀಲಕ್ಕೆ ಹಾಕುವ ಮುಂಚೆ ಹತ್ತಿಯಿಂದ ನನ್ನನ್ನು ಒರೆಸಿದಳು. ನನ್ನ ಬಾಳಿನಲ್ಲಿ ಅಷ್ಟು ಹಗುರಾದ ದಿನ ಅದೇ ಮೊದಲು. ಈ ಕೈಯಲ್ಲೇ ಇದ್ದುಬಿಡೋಣ ಎಂದುಕೊಂಡೆ. ಭಾನುವಾರ ಬಂತು. ಅವಳು ನನ್ನನ್ನು ಒಯ್ದದ್ದು ಹಳೇ ಹುಬ್ಬಳ್ಳಿಯ ಒಂದು ಗಾದಿ ಅಂಗಡಿಗೆ.

ಎಂಥ ಜಾಗ! ನೆಲದ ತುಂಬ ಹತ್ತಿಯ ಧೂಳು. ಗಾಳಿಯಲ್ಲಿ ಹತ್ತಿ, ಉಸಿರಿನಲ್ಲಿ ಹತ್ತಿ. ಅರ್ಧ ಹೊಲಿದ ಗಾದಿಗಳ ಮೇಲೆ ಜನ ಕಾಲು ಮಡಚಿ ಕುಳಿತಿದ್ದರು. ನಡುವೆ ಹಿಟ್ಟು ನಾದುವ ಅಗಲವಾದ ಪರಾತ. ಪಕ್ಕದಲ್ಲೇ ಗಿರ್ಮಿಟ್ಟು, ಮಿರ್ಚಿ ಭಜಿ. ಭಜಿ ಹಿಡಿದ ಬೆರಳುಗಳೇ ನನ್ನನ್ನೂ ಹಿಡಿದವು. ಎಣ್ಣೆ ನನ್ನ ನೀರಿನ ಅಲೆಯೊಳಗೆ ಇಳಿಯಿತು. ಅದರ ಮೇಲೆ ಹತ್ತಿಯ ನವಿರು ಅಂಟಿತು. ಒಂದೇ ಗಳಿಗೆಯಲ್ಲಿ ನನಗೆ ಗಡ್ಡ ಮೀಸೆ ಬಂದ ಹಾಗಾಯಿತು. ಥೂ!

ಅಂಗಡಿ ದಾವಲ್ ನದಾಫನದು. ಮೂವತ್ತರ ಆಸುಪಾಸಿನವನು. ಕಣ್ಣಿನ ರೋಗದಿಂದ ಇಪ್ಪತ್ತೈದು ತುಂಬುವುದರೊಳಗೆ ಅವನ ದೃಷ್ಟಿ ಪೂರ್ತಿ ಹೋಗಿತ್ತು. ಗಾದಿ ಹೊಲಿಯುವುದು ಮಾತ್ರ ಬಿಟ್ಟಿರಲಿಲ್ಲ. ಅವನ ಎದುರು ಕುಳಿತವಳು ಸುವರ್ಣಾ ಹಡಪದ. ಅದೇ ಬೀದಿಯಲ್ಲಿ ಬ್ಯೂಟಿ ಪಾರ್ಲರು ಇಟ್ಟವಳು, ಬಾಯಿ ಜೋರು, ಕೈ ತುಂಬ ಕ್ರೀಮಿನ ಜಿಡ್ಡು. ಇನ್ನೊಬ್ಬ ಕಿರಣ ಹಾವನೂರ, ಕೋಚಿಂಗ್ ಕ್ಲಾಸಿನ ಮೇಷ್ಟ್ರು. ಅವನನ್ನು ಎಲ್ಲರೂ ಕಿರಣ ಸರ್ ಎನ್ನುತ್ತಿದ್ದರು.

ಆಟ ಏನೆಂದು ಹೇಳುತ್ತೇನೆ. ಇದರಲ್ಲಿ ಮನೆ ಬರೆದ ಹಲಗೆ ಇಲ್ಲ, ಕಾಯಿ ಇಲ್ಲ. ಕುಳಿತವರು ಸೇರಿ ಬಾಯಿಂದಲೇ ಒಂದು ಕಥೆ ಕಟ್ಟುತ್ತಾರೆ. ರೋಹಿಣಿ ಸೂತ್ರಧಾರಿಣಿ. ಕಾಡು, ಕೋಟೆ, ಕಳ್ಳರು, ರಾಕ್ಷಸರು ಎಲ್ಲ ಅವಳ ಬಾಯಲ್ಲಿ. ಉಳಿದವರದು ಒಂದೊಂದು ಪಾತ್ರ. ಸುವರ್ಣಾಳದು ಕತ್ತಿ ಹಿಡಿದ ಕೆಂಚವ್ವ. ಕಿರಣನದು ಒಬ್ಬ ರಾಜಕುಮಾರ. ದಾವಲ್‌ನದು ಅರಳೆಸಿದ್ಧನೆಂಬ ಮಾಂತ್ರಿಕ. ಎದುರಿಗೆ ಕಷ್ಟ ಬಂದಾಗ ಯಾರು ಏನು ಮಾಡುತ್ತಾರೆಂದು ಅವರೇ ಹೇಳಬೇಕು. ಮಂತ್ರ ಹಾಕಬೇಕೆಂದರೆ ನನ್ನನ್ನು ಎಸೆಯಬೇಕು.

ಮಂತ್ರಕ್ಕೆ ರೋಹಿಣಿ ಇಟ್ಟ ನಿಯಮ ಮೂರು ಮಾತಿನದು. "ಏನ್ ಆಗ್ಬೇಕು ಹೇಳು. ದಾಳ ಒಗಿ. ಬಂದದ್ದರಾಗ ಅದನ್ನ ಮಾಡಿ ತೋರ್ಸು." ಅಷ್ಟೇ. ಬೀಗ ತೆಗೆಯಬೇಕು, ಬಂದದ್ದು ಗಾಳಿ ಎನ್ನಿ. ಗಾಳಿಯಿಂದ ಬೀಗ ಹೇಗೆ ತೆಗೆಯುತ್ತೀ ಎಂದು ನೀನೇ ಹೇಳಬೇಕು. ಕೂತವರು ತಲೆದೂಗಿದರೆ ಮಂತ್ರ ಫಲಿಸಿತು. ಖಾಲಿ ಮುಖ ಬಂದರೆ ಮಾತ್ರ ಬೇರೆ. ಆಗಲೂ ಮಂತ್ರ ಫಲಿಸುತ್ತದೆ, ಆದರೆ ನಿನ್ನ ಪಾತ್ರ ತನ್ನದೊಂದನ್ನು ಕೊಟ್ಟುಬಿಡಬೇಕು. ಕೊಟ್ಟದ್ದು ಮತ್ತೆ ಬರುವುದಿಲ್ಲ.

ಇನ್ನೊಂದು ರೂಢಿ ಇತ್ತು. ನಾನು ಪರಾತದಲ್ಲಿ ಬಿದ್ದ ಕೂಡಲೇ ಗಾದಿಗೆ ಹಾಕುವ ಕೆಂಪು ಬಟ್ಟೆಯ ತುಂಡೊಂದನ್ನು ನನ್ನ ಮೇಲೆ ಮುಚ್ಚುತ್ತಿದ್ದರು. ಎಸೆದವರು ಬಟ್ಟೆಯ ಕೆಳಗೆ ಕೈ ಹಾಕಿ, ಹೆಬ್ಬೆರಳಿನಿಂದ ಮೇಲಿನ ಮುಖ ಸವರಿ, ಬಂದದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಬಟ್ಟೆ ತೆಗೆಯುವುದು. ದಾವಲ್ ಒಬ್ಬನಿಗಲ್ಲ, ಎಲ್ಲರಿಗೂ ಇದೇ. ಮೊದಲ ದಿನ ಸುವರ್ಣಾ ಆಕಾಶವನ್ನು ಗಾಳಿ ಎಂದು ಹೇಳಿ ನಗೆಪಾಟಲಾದಳು. ದಾವಲ್ ಒಂದು ಸಲಕ್ಕೇ ಸರಿಯಾಗಿ ಹೇಳಿದ. ರೋಹಿಣಿ ಇದನ್ನು ಯಾರಿಗಾಗಿ ಮಾಡಿದಳೆಂದು ಯಾರೂ ಆಡಲಿಲ್ಲ. ಕತ್ತಲಲ್ಲಿ ತಡಕುವುದು ಆ ಗಾದಿಯ ಮೇಲೆ ಎಲ್ಲರ ಪಾಲಿಗೂ ಬಂದಿತ್ತು.

ಆ ಕೆಂಪು ಬಟ್ಟೆಯೂ ನನಗೆ ಹೇಸಿಗೆಯೇ. ಅದು ಕೈ ಒರೆಸಲೂ ಆಗುತ್ತಿತ್ತು. ಆದರೆ ದಾವಲ್‌ನ ತಾಯಿ ಮಾಬೂಬಿ ಪ್ರತಿ ಶನಿವಾರ ಅದನ್ನು ಸೋಪು ಹಾಕಿ ಒಗೆದು, ಮಡಚಿ, ಮಗನ ಹೊಲಿಗೆ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಆಟದ ತಲೆಬುಡ ಅವರಿಗೆ ತಿಳಿಯದು. ಭಾನುವಾರ ಮಗ ನಗುತ್ತಾನೆ ಎನ್ನುವುದು ಮಾತ್ರ ತಿಳಿದಿತ್ತು.

ದಾವಲ್ ಆಡುತ್ತಿದ್ದ ರೀತಿಯೇ ಬೇರೆ. ಒಮ್ಮೆ ಕೋಟೆಯ ಕಾವಲುಗಾರನನ್ನು ಬಾಗಿಲಿನಿಂದ ಸರಿಸಬೇಕಿತ್ತು. ನನ್ನಲ್ಲಿ ನೀರು ಬಂತು. ಪ್ರವಾಹ ತರಿಸುತ್ತಾನೆ ಎಂದು ಕಿರಣ ಊಹಿಸಿದ. ದಾವಲ್ ಗಂಭೀರವಾಗಿ, ಕಾವಲುಗಾರ ಬೆಳಗಿನಿಂದ ಕುಡಿದ ನೀರೆಲ್ಲ ಈಗಲೇ ಕೆಳಗಿಳಿಯಲಿ ಎಂದ. ಕಾವಲುಗಾರ ಕಾಲು ಕೂಡಿಸಿಕೊಂಡು ಓಡಿಹೋದ. ಸುವರ್ಣಾ ನಕ್ಕು ನಕ್ಕು ಗಾದಿಯ ಮೇಲೆ ಉರುಳಿದಳು. ನನ್ನ ನೀರಿನ ಅಲೆಗೆ ಇಂಥ ಕೆಲಸ ಹಚ್ಚಿದನಲ್ಲ ಎಂದು ನನಗೆ ಅಸಹ್ಯವಾಯಿತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಇನ್ನೊಮ್ಮೆ ಖಾಲಿ ಮುಖ ಬಂತು. ಅರಳೆಸಿದ್ಧ ತನ್ನ ಸಿಳ್ಳೆಯನ್ನು ಕೊಟ್ಟ. ದಾವಲ್‌ಗೆ ಆ ಸಿಳ್ಳೆ ಬಲು ಪ್ರೀತಿಯದು, ಕಥೆಯಲ್ಲಿ ದಾರಿಯುದ್ದಕ್ಕೂ ಹಾಕಿಸುತ್ತಿದ್ದ. ಮುಂದಿನ ವಾರ ಮರೆತು "ಸಿಳ್ಳಿ ಹಾಕ್ತೀನಿ" ಎಂದಾಗ ರೋಹಿಣಿ, ಅದು ಹೋಯಿತಲ್ಲ ಎಂದಳು. ಅವನ ಮುಖ ಸಣ್ಣಗಾಯಿತು. ಅವಳು ಕರಗಿ ಹಿಂದಕ್ಕೆ ಕೊಡಲಿಲ್ಲ. ಆಟ ಮುಗಿದು ಎಲ್ಲರೂ ಎದ್ದ ಮೇಲೆ ಅವನು ಅವಳಿಗೆ ಒಂದು ಮಾತು ಹೇಳಿದ. ಹೊರಗೆ ಯಾರೂ ತನ್ನನ್ನು ಸೋಲಲು ಬಿಡುವುದಿಲ್ಲವಂತೆ. ಮದುವೆ ಮನೆಯಲ್ಲಿ ರೊಟ್ಟಿ ಮುರಿದು ಬಾಯಿಗೇ ಇಡಲು ಬರುತ್ತಾರೆ, ಕೇರಂ ಆಡಿದರೆ ತಾವೇ ಕಾಯಿ ತಳ್ಳಿ ನೀ ಗೆದ್ದಿ ಎನ್ನುತ್ತಾರೆ.

"ಇಲ್ಲಿ ನಾ ಸೋಲಬಹುದು, ರೋಹಿಣಕ್ಕ" ಎಂದ. "ಅದಕ್ಕ ಬರ್ತೀನಿ."

ಹೀಗೆ ಎರಡು ವರ್ಷ ಕಳೆಯಿತು. ರೋಹಿಣಿ ಬಸುರಿಯಾದಳು. ಹೆರಿಗೆಗೆ ರಾಣೇಬೆನ್ನೂರಿನ ತವರಿಗೆ ಹೊರಟಾಗ, ತಾನು ಬರುವವರೆಗೆ ಆಟ ನಡೆಸಲು ಕಿರಣನಿಗೆ ನನ್ನನ್ನು ಒಪ್ಪಿಸಿದಳು. ಮೂರು ಮಾತಿನ ನಿಯಮ, ಕೆಂಪು ಬಟ್ಟೆ, ಎಲ್ಲ ಮತ್ತೊಮ್ಮೆ ಹೇಳಿದಳು.

ನನಗೆ ಸಂತೋಷವೇ ಆಯಿತು. ಕಿರಣನ ಕೈಯಷ್ಟು ಸ್ವಚ್ಛ ಕೈಯನ್ನು ನಾನು ಕಂಡಿರಲಿಲ್ಲ. ಜೇಬಿನಲ್ಲಿ ಕೈ ತೊಳೆಯುವ ದ್ರವದ ಪುಟ್ಟ ಬಾಟಲಿ ಇಟ್ಟಿರುತ್ತಿದ್ದ. ಎರಡೇ ಬೆರಳಿನಲ್ಲಿ ನನ್ನನ್ನು ಎತ್ತುತ್ತಿದ್ದ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ನನ್ನ ಕೆತ್ತನೆಗಳ ಕೊಳೆ ತೆಗೆದ. ಮಖಮಲ್ಲಿನ ಒಂದು ಡಬ್ಬಿ ತಂದು ಅದರಲ್ಲಿ ಮಲಗಿಸಿದ. ಕೊನೆಗೂ ತಕ್ಕ ಕೈ ಸೇರಿದೆ ಎಂದುಕೊಂಡೆ.

ಕಿರಣ ಒಂದು ದಪ್ಪ ಪುಸ್ತಕ ತರಿಸಿದ. ಅದರಲ್ಲಿ ನೂರಾರು ಮಂತ್ರಗಳು. ಯಾವುದು ಎಷ್ಟು ದೂರ ಹೋಗುತ್ತದೆ, ಯಾವುದಕ್ಕೆ ಯಾವ ಬೇರು ಬೇಕು, ಯಾವುದನ್ನು ಯಾರ ಮೇಲೆ ಹಾಕಬಾರದು, ಸಣ್ಣ ಅಕ್ಷರದ ಪಟ್ಟಿಗಳು. ಮೂರು ಮಾತಿನ ನಿಯಮ ಮಕ್ಕಳಾಟವೆಂದ. ಇನ್ನು ಬೆಂಕಿ ಬಂದರೆ ಸುಡುವುದು ಮಾತ್ರ, ನೀರು ಬಂದರೆ ತೊಳೆಯುವುದು ಮಾತ್ರ. ಬೆಂಕಿ ಬಂದ ಒಂದು ದಿನ ದಾವಲ್, ಶತ್ರು ರಾಜನ ಎದೆಯಲ್ಲಿ ಅವನ ಸತ್ತ ತಾಯಿಯ ಒಲೆಯ ಬಿಸಿ ಏಳಲಿ, ಅವನು ಕತ್ತಿ ಕೆಳಗಿಟ್ಟು ಅಳಲಿ ಎಂದ. ಸುವರ್ಣಾ ತಲೆದೂಗಿದಳು. ಕಿರಣ ಪುಟ ತಿರುಗಿಸಿ, ಅದು ಪುಸ್ತಕದಲ್ಲಿಲ್ಲ ಎಂದ. ಬೇಕಾದರೆ ರಾಜನ ಗಡ್ಡ ಸುಡಬಹುದು ಎಂದ. ತನಗೆ ಕಾಣದ ಪುಸ್ತಕದ ಮುಂದೆ ದಾವಲ್ ಆದರೂ ಏನು ವಾದ ಮಾಡಿಯಾನು?

ಹಾಗೆಂದು ಕಿರಣ ಕೆಟ್ಟವನೆಂದು ಒಂದೇ ಮಾತಿನಲ್ಲಿ ಹೇಳಲಾರೆ. ಮಳೆ ಬಂದ ದಿನ ದಾವಲ್‌ನ ಚಪ್ಪಲಿ ಒಳಗೆ ತಂದು, ಕಾಲಿಗೆ ಸಿಗುವಂತೆ ಜೋಡಿಸಿ ಇಡುತ್ತಿದ್ದವನು ಅವನೇ. ಮಾಬೂಬಿಯನ್ನು ಎರಡು ಸಲ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಅದನ್ನೂ ನಾನು ಕಂಡಿದ್ದೇನೆ.

ಆದರೆ ಅವನಿಗೆ ಮೊಬೈಲಿನ ಹುಚ್ಚು ಹತ್ತಿತು. ಆಟವನ್ನು ಚಿತ್ರೀಕರಿಸಿ ಜನರಿಗೆ ತೋರಿಸತೊಡಗಿದ. ಕೆಂಪು ಬಟ್ಟೆ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆಂದು ತೆಗೆದುಹಾಕಿದ. ದಾವಲ್ ಎಸೆದ ಕೂಡಲೇ ತಾನೇ ಬಗ್ಗಿ ನೋಡಿ, ನನ್ನನ್ನು ಎತ್ತಿಕೊಂಡು, ಬಂದದ್ದನ್ನು ಕೂಗಿ ಹೇಳುವುದು ಶುರುವಾಯಿತು. ಮೊದಮೊದಲು ಇದ್ದದ್ದನ್ನೇ ಹೇಳಿದ. ಒಂದು ವಾರ ದಾವಲ್ ಸತತವಾಗಿ ಸೋತ. ಕಣ್ಣಿಲ್ಲದವನು ಸೋತರೆ ನೋಡುವವರಿಗೆ ಬೇಸರವಾಗುತ್ತದೆಂದು ಕಿರಣ ಸುವರ್ಣಾಳ ಕಿವಿಯಲ್ಲಿ ಹೇಳಿದ. ಮುಂದಿನ ವಾರ ಪುಸ್ತಕದ ಪ್ರಕಾರ ದಾವಲ್ ಗೆಲ್ಲಲು ಗಾಳಿ ಬೇಕಿತ್ತು, ನನ್ನ ನೆಲದ ಮುಖ ಮೇಲೆ ಬಂದಿತ್ತು. ಅವನು ಗಾಳಿ ಎಂದ.

ಆ ಕ್ಷಣ ನನಗೆ ಆದದ್ದನ್ನು ಹೇಗೆ ಹೇಳಲಿ? ರೈಲಿನಲ್ಲಿ ಮೂಗು ಒರೆಸಿದ ಕೈಗಳು ನನಗೆ ಅಷ್ಟು ಹೇಸಿಗೆ ತರಿಸಿರಲಿಲ್ಲ. ನನ್ನ ಮುಖದ ಮೇಲೆ ಇಲ್ಲದ್ದನ್ನು ಇದೆ ಎಂದು ಓದಿದ ಆ ಕೈ, ಸುಗಂಧದ ದ್ರವ ಬಳಿದುಕೊಂಡ ಕೈ. ಮಖಮಲ್ಲಿನ ಡಬ್ಬಿಯಲ್ಲಿ ನನಗೆ ವಾಕರಿಕೆ ಬಂತು. ಹೇಳಲು ಬಾಯಿಲ್ಲ, ಹೊರಳಲು ಕಾಲಿಲ್ಲ.

ಅಲ್ಲಿಂದ ದಾವಲ್ ಗೆಲ್ಲುತ್ತಲೇ ಹೋದ. ಖಾಲಿ ಮುಖವಂತೂ ಅವನಿಗೆ ಬರುವುದೇ ನಿಂತಿತು. ನೋಡಿದವರು ಬರೆದದ್ದನ್ನು ಕಿರಣ ಗಟ್ಟಿಯಾಗಿ ಓದುತ್ತಿದ್ದ. ಪಾಪ, ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಆಡುತ್ತಾರೆ. ಇವರನ್ನು ನೋಡಿ ಅಳು ಬಂತು. ಕೇಳುತ್ತ ದಾವಲ್ ಕೈಯಲ್ಲಿದ್ದ ಸೂಜಿಯನ್ನು ಗಾದಿಗೆ ಚುಚ್ಚುವುದು, ತೆಗೆಯುವುದು ಮಾಡುತ್ತಿದ್ದ.

ಒಮ್ಮೆ ಅವನು ತಮಾಷೆಯ ಧ್ವನಿಯಲ್ಲೇ ಕೇಳಿದ. "ಕಿರಣ ಸರ್, ಖಾಲಿ ಮುಖ ಊರು ಬಿಟ್ಟು ಹೋತೇನ್ರಿ?"

"ನಿನ್ನ ನಸೀಬ ಭಾಳ ಚಲೋ ನಡದೈತಿ, ಅದಕ್ಕ್ಯಾಕ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ತಿ" ಎಂದು ಕಿರಣ ನಕ್ಕ. ಆಡಿದ ಮೇಲೆ ಯಾರೆದುರು ಯಾವ ಮಾತು ಆಡಿದೆನೆಂದು ಹೊಳೆದು ಅವನೇ ಕೆಮ್ಮಿದ. ಸುವರ್ಣಾ ತನ್ನ ಬಳೆಗಳನ್ನು ತಿರುಗಿಸುತ್ತ ಕುಳಿತಳು. ಅಷ್ಟು ಮಾತಿನ ಹೆಣ್ಣು, ಆ ದಿನ ಒಂದು ತಮಾಷೆಯನ್ನೂ ಮಾಡಲಿಲ್ಲ. ಅವಳಿಗೆ ಎಲ್ಲ ಕಾಣುತ್ತಿತ್ತು. ಹೇಳಿದರೆ ದಾವಲಣ್ಣನ ಮನಸ್ಸು ಒಡೆಯುತ್ತದೆಂದು ಅವಳು ಸುಮ್ಮನಿದ್ದಳು. ಅವಳ ಮೌನವನ್ನು ಕಂಡರೂ ನನಗೆ ಹೇಸಿಗೆಯೇ ಆಗುತ್ತಿತ್ತು. ಕ್ರೀಮಿನ ಜಿಡ್ಡಿಗಿಂತ ಹೆಚ್ಚು.

ಆಮೇಲೆ ಊರಿನ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಕಿರಣ ಆಟವನ್ನು ವೇದಿಕೆಗೆ ಒಯ್ಯಲು ಒಪ್ಪಿಕೊಂಡು ಬಂದ. ಸಭೆಯ ಮುಂದೆ ಕಥೆಯ ಕೊನೆಯ ಭಾಗ. ಗೆದ್ದ ಮೇಲೆ ದಾವಲ್‌ಗೆ ಶಾಲು, ಸನ್ಮಾನ. ಗೆದ್ದ ಮೇಲೆ ಎನ್ನುವುದನ್ನು ಅವನು ಮೊದಲೇ ನಿಶ್ಚಯ ಮಾಡಿ ಹೇಳಿದ್ದ. ಅದು ದಾವಲ್‌ನ ಕಿವಿಗೆ ಬಿತ್ತು.

ಗಾದಿ ಹಾಸಿದ ವೇದಿಕೆಯ ಮೇಲೆ ದೀಪಗಳ ಬಿಸಿ. ಕೆಳಗೆ ತುಂಬಿದ ಸಭೆ. ಮಾಬೂಬಿ ಮೊದಲ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದರು. ಕಥೆಯಲ್ಲಿ ಒಂದು ಊರಿನ ಭಾವಿಗೆ ಮಾಟಗಾರನೊಬ್ಬ ವಿಷ ಬೆರೆಸಿದ್ದ. ಜನ ಒಬ್ಬೊಬ್ಬರಾಗಿ ಮಲಗುತ್ತಿದ್ದರು. ಅರಳೆಸಿದ್ಧ ಭಾವಿಯ ಕಟ್ಟೆಯ ಮೇಲೆ ನಿಂತಿದ್ದ. ಭಾವಿ ತಿಳಿಯಾಗಬೇಕು. ದಾವಲ್ ನನ್ನನ್ನು ಎರಡೂ ಅಂಗೈ ನಡುವೆ ಹೊರಳಿಸಿದ. ಅವನ ಕೈ ಒರಟು, ಸೂಜಿ ಚುಚ್ಚಿ ಚುಚ್ಚಿ ತುದಿಗಳು ಗಟ್ಟಿ. ಎಸೆದ.

ನಾನು ಪರಾತದಲ್ಲಿ ಎರಡು ಸುತ್ತು ಉರುಳಿ ನಿಂತೆ. ಖಾಲಿ ಮುಖ ಮೇಲಿತ್ತು.

ಕಿರಣನ ಕೈ ಹಾರಿ ಬಂದು ನನ್ನನ್ನು ಮುಚ್ಚಿತು. "ನೀರು!" ಎಂದು ಮೈಕಿನಲ್ಲಿ ಕೂಗಿದ. ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಅವನ ಮುಷ್ಟಿಯೊಳಗೆ ಬೆವರು ಸುರಿಯುತ್ತಿತ್ತು. ಅಷ್ಟು ಸ್ವಚ್ಛವಾದ ಕೈಯಲ್ಲಿ ಅಷ್ಟು ಬೆವರು ಎಲ್ಲಿತ್ತೋ. ನಾನು ಉಸಿರುಗಟ್ಟಿ ಕುಳಿತೆ.

ಚಪ್ಪಾಳೆ ಇಳಿಯುವವರೆಗೆ ದಾವಲ್ ಕಾದ. ಆಮೇಲೆ ಪರಾತದೊಳಗೆ ಕೈ ಆಡಿಸಿದ. ಅದು ಬರಿದಾಗಿತ್ತು.

"ದಾಳ ಎಲ್ಲೈತ್ರಿ?"

"ನನ್ನ ಕೈಯಾಗೈತಿ. ನೀರು ಬಂದೈತಿ, ನೀ ಗೆದ್ದಿ. ಮುಂದ ಹೇಳು" ಎಂದ ಕಿರಣ.

"ನಾ ಒಗದದ್ದು ನಾ ನೋಡ್ಬೇಕಲ್ಲರಿ ಸರ್." ದಾವಲ್‌ನ ಧ್ವನಿ ಏರಲಿಲ್ಲ. ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದ. "ಸುವರ್ಣಾ, ನೀ ಹೇಳವಾ. ಏನ್ ಬಂದಿತ್ತು?"

ಕಿರಣನ ಬೆರಳ ಸಂದಿನಿಂದ ನನಗೆ ಕಂಡಿತು, ಸುವರ್ಣಾ ಸಭೆಯನ್ನು ನೋಡಿದಳು, ಮೊದಲ ಸಾಲಿನ ಮಾಬೂಬಿಯನ್ನು ನೋಡಿದಳು. ಕೊನೆಗೆ ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹೇಳಿದಳು.

"ಖಾಲಿ ಬಂದಿತ್ತು, ದಾವಲಣ್ಣ. ಇವತ್ತ ಒಂದ ಸಲ ಅಲ್ಲ. ಹಿಂದೂ ಬಂದಿತ್ತು. ನಾ ಬಾಯಿ ಮುಚ್ಕೊಂಡು ಕುಂತಿದ್ದೆ."

ದಾವಲ್ ತಲೆಯಾಡಿಸಿದ. ಬೈಯಲಿಲ್ಲ. ಅಂಗೈಯನ್ನು ಕಿರಣನ ಮುಂದೆ ಚಾಚಿದ. ಅಷ್ಟು ಜನರೆದುರು ಕಿರಣ ಏನು ಮಾಡಿಯಾನು? ನನ್ನನ್ನು ಆ ಅಂಗೈಯಲ್ಲಿ ಇಟ್ಟ. ಇಡುತ್ತ ಬಗ್ಗಿ, ಮೈಕಿಗೆ ಸಿಗದಂತೆ, ಕಿವಿಯ ಹತ್ತಿರ ಪಿಸುಗುಟ್ಟಿದ.

"ಹಂಗಾರ ಕಣ್ಣು ಕೊಟ್ಟೆ ಅನ್ನು. ಮಾಂತ್ರಿಕನ ಕಣ್ಣು. ಮಂದಿ ಎದ್ದ ನಿಂತು ಚಪ್ಪಾಳಿ ಹೊಡಿತಾರ, ನೋಡಬೇಕಾರ."

ನನ್ನ ಜೀವಮಾನದಲ್ಲಿ ನಾನು ಮುಟ್ಟಿದ ಎಣ್ಣೆ, ಬೆವರು, ಸಿಂಬಳ, ಎಲ್ಲವೂ ಆ ಒಂದು ಮಾತಿನ ಮುಂದೆ ತಿಳಿನೀರಿನಂತೆ ಕಂಡವು.

ದಾವಲ್ ನನ್ನನ್ನು ಅಂಗಿಯ ತುದಿಯಿಂದ ಒರೆಸಿದ. ಅವಸರವಿಲ್ಲದೆ ಒರೆಸಿದ. ಹೆಬ್ಬೆರಳಿನಿಂದ ಒಂದೊಂದೇ ಮುಖ ಸವರುತ್ತ ಬಂದು ಖಾಲಿ ಮುಖದ ಮೇಲೆ ನಿಲ್ಲಿಸಿದ. ಮೈಕನ್ನು ಹುಡುಕಿ ಹತ್ತಿರಕ್ಕೆ ಎಳೆದುಕೊಂಡ. ಬಂದದ್ದು ನೀರಲ್ಲ, ಖಾಲಿ ಎಂದು ಸಭೆಗೆ ಹೇಳಿದ. ಖಾಲಿ ಬಂದರೆ ಪಾತ್ರ ತನ್ನದೊಂದನ್ನು ಕಳೆದುಕೊಳ್ಳಬೇಕು ಎಂದೂ ವಿವರಿಸಿದ. ಕಿರಣ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಯಾರೂ ಪುಟ ತೆರೆಯಲಿಲ್ಲ.

"ಭಾವಿ ತಿಳಿ ಆಗ್ಲಿ. ಮಲಗಿದ ಮಂದಿ ಏಳ್ಲಿ" ಎಂದ ದಾವಲ್. "ಅದಕ್ಕ ಅರಳೆಸಿದ್ಧ ಕೊಡೂದು ಏನಂದ್ರ, ಈ ಊರು ಉಳಿಸಿದವ ಯಾರಂತ ಯಾರಿಗೂ ನೆನಪಿರಬಾರದು. ಹಾಡಿನಾಗ ಇರಬಾರದು, ಹೆಸರು ಇರಬಾರದು. ಕೆಂಚವ್ವಗೂ ನಾ ಯಾರಂತ ಗೊತ್ತಿರಬಾರದು."

ಸಭೆಯಲ್ಲಿ ಎಲ್ಲೋ ಒಬ್ಬರು ಚಪ್ಪಾಳೆ ಶುರುಮಾಡಿ ನಡುವೆಯೇ ನಿಲ್ಲಿಸಿದರು. ಯಾರನ್ನು ಹೊಗಳುವುದು? ಹೊಗಳಿಕೆಯನ್ನೇ ಅವನು ಕೊಟ್ಟುಬಿಟ್ಟಿದ್ದ. ಶಾಲು ತಟ್ಟೆಯಲ್ಲೇ ಉಳಿಯಿತು.

ಮುಂದಿನ ಮಾತು ಸೂತ್ರಧಾರನದು. ಕಿರಣ ಪುಸ್ತಕವನ್ನು ಪಕ್ಕಕ್ಕೆ ಸರಿಸಿದ. ಆಗ ಸುವರ್ಣಾ ಗಾದಿಯ ಮೇಲಿಂದ ಸ್ವಲ್ಪ ಮುಂದಕ್ಕೆ ಸರಿದಳು. ಕಣ್ಣು ಒರೆಸಿಕೊಂಡು, ಗುರುತಿಲ್ಲದವರನ್ನು ನೋಡುವ ಹಾಗೆ ದಾವಲ್‌ನನ್ನು ನೋಡಿದಳು. ಅದು ಕೆಂಚವ್ವನ ನೋಟ.

"ಯಾರ್ರಿ ನೀವು? ಯಾವ ಊರಾತು? ಬಿಸಲಾಗ ಭಾಳ ದೂರ ನಡದು ಬಂದಂಗ ಕಾಣ್ತೀರಿ." ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ತಾಗಿಸಿದಳು. "ನಮ್ಮೂರ ಭಾವಿ ನೀರು. ಈಗ ಚಲೋ ಆಗ್ಯಾವು. ಕುಡೀರಿ."

ದಾವಲ್ ಎರಡು ಗುಟುಕು ಕುಡಿದ. ಸೆರಗಿನ ಮರೆಯಲ್ಲಿ ಮಾಬೂಬಿ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಲಿಲ್ಲ.

"ಸಿಹಿ ಅದಾವ್ರಿ ಅಕ್ಕಾ" ಎಂದ ಅವನು.

ಆಟ ಅಲ್ಲಿಗೆ ಮುಗಿಯಿತು. ದಾವಲ್ ನನ್ನನ್ನು ಜೇಬಿಗೆ ಹಾಕಿಕೊಂಡ. ಡಬ್ಬಿ ಕಿರಣನ ಬಳಿಯೇ ಉಳಿಯಿತು. ಜೇಬಿನಲ್ಲಿ ಸೂಜಿಯ ಪೊಟ್ಟಣ, ಮೇಣ, ಅಡಿಕೆಯ ಪುಡಿ. ಎಲ್ಲ ಕೊಳಕು. ಅಲ್ಲಿ ನಾನು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಕಿರಣ ಆ ದಿನದ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. 'ನೀರು' ಎಂಬ ಕೂಗಿನವರೆಗೆ ಕತ್ತರಿಸಿ ಹಾಕಬಹುದಿತ್ತು. ಹಾಕಲಿಲ್ಲ. ಅಷ್ಟನ್ನು ಅವನ ಪರವಾಗಿ ಹೇಳಬೇಕು. ಗಾದಿ ಅಂಗಡಿಗೆ ಅವನು ಮತ್ತೆ ಬರಲಿಲ್ಲ, ಮಾಬೂಬಿಯ ಗುಳಿಗೆಗಳನ್ನು ಮಾತ್ರ ತಿಂಗಳಿಗೊಮ್ಮೆ ಬಾಗಿಲಿನಲ್ಲಿ ಕೊಟ್ಟು ಹೋಗುತ್ತಿದ್ದ.

ರೋಹಿಣಿ ಮಗುವನ್ನು ಎತ್ತಿಕೊಂಡು ವಾಪಸು ಬಂದಳು. ಕೆಂಪು ಬಟ್ಟೆ ಮತ್ತೆ ಹೊರಬಂತು. ಭಜಿಯ ಎಣ್ಣೆ ಮತ್ತೆ ನನ್ನ ಅಲೆಯೊಳಗೆ ಇಳಿಯಿತು. ಕಥೆಯಲ್ಲಿ ಅರಳೆಸಿದ್ಧ ಕಳೆದುಕೊಂಡದ್ದು ಕಳೆದುಹೋಗಿಯೇ ಇತ್ತು. ಕೆಂಚವ್ವ ಅವನನ್ನು ದಾರಿಹೋಕನೆಂದೇ ಜೊತೆಗೆ ಕರೆದುಕೊಂಡಳು. ಗಂಟು ಹೊರಲು ಬರುತ್ತದೆಯೇ ಎಂದು ಕೇಳಿದಳು. ತಾನು ಕಲಿಸಿಕೊಟ್ಟ ಉಪಾಯವನ್ನೇ ಅವಳು ತನಗೆ ಹೊಸದಾಗಿ ವಿವರಿಸಿದಾಗ ದಾವಲ್ ಹಲ್ಲು ಕಚ್ಚಿಕೊಂಡು ಕೇಳಬೇಕಾಗುತ್ತಿತ್ತು. ಆ ಸೋಲನ್ನು ಅವನು ಎಷ್ಟು ಸವಿದನೆಂದು ನನಗೆ ಗೊತ್ತು, ಅವನ ಬೆರಳುಗಳ ನಡುವೆ ಇದ್ದವನು ನಾನು.

ಆಮೇಲೆ ಹಲವು ವರ್ಷ. ನನ್ನ ಅಂಚುಗಳು ಸವೆದವು. ಒಂದು ಕಡೆ ಸೀಳು ಬಿಟ್ಟಿತು. ಗಾಳಿಯ ಸುರುಳಿ ಯಾವುದು, ಆಕಾಶದ ದುಂಡು ಯಾವುದು ಎಂದು ದಾವಲ್‌ನ ಹೆಬ್ಬೆರಳೂ ತಡವರಿಸತೊಡಗಿತು. ರೋಹಿಣಿ ಹೊಸ ದಾಳ ಮಾಡಿಸಿದಳು. ನನ್ನನ್ನು ಹೊಲಿಗೆ ಪೆಟ್ಟಿಗೆಯ ಮೂಲೆಗೆ ಇಟ್ಟರು. ಅಲ್ಲಿ ನುಸಿಗುಳಿಗೆಯ ವಾಸನೆ, ತಲೆನೋವು ತರುವಂಥದು.

ಮಂತ್ರದ ಬಗ್ಗೆ ನಾನು ಅಲ್ಲಿ ಕುಳಿತು ಯೋಚಿಸಿದ್ದೇನೆ. ಮೂರು ಮಾತಿನಲ್ಲಿ ಮುಗಿಯುವ ನಿಯಮವನ್ನು ಯಾರು ಬೇಕಾದರೂ ಮುರಿಯಬಹುದು. ಕಾಯುವವರು ಯಾರೂ ಇಲ್ಲ. ಸುತ್ತ ಕುಳಿತವರು ಒಬ್ಬರ ಮಾತನ್ನೊಬ್ಬರು ನಂಬಿದರೆ ಮಾತ್ರ ಅದು ನಿಲ್ಲುತ್ತದೆ. ಬಹುಶಃ ಅಷ್ಟೇ ಅದರ ಮಂತ್ರ.

ಮೊನ್ನೆ ಸುವರ್ಣಾಳ ಕೂಸಿಗೆ ಹಲ್ಲು ಮೂಡತೊಡಗಿತ್ತು. ಆಟದ ನಡುವೆ ಒಂದೇ ಸಮನೆ ರಚ್ಚೆ. ದಾವಲ್ ಪೆಟ್ಟಿಗೆಯಿಂದ ನನ್ನನ್ನು ತೆಗೆದ. ಸೀಳಿನ ಮೇಲೆ ಬೆರಳಾಡಿಸಿ ಸಿಬಿರು ಇಲ್ಲವೆಂದು ನೋಡಿದ. ಬಿಸಿನೀರಿನಲ್ಲಿ ತೊಳೆದು, ಬಾಯೊಳಗೆ ಹೋಗುವ ಗಾತ್ರವಲ್ಲವೆಂದು ಖಾತ್ರಿ ಮಾಡಿಕೊಂಡು ಕೂಸಿನ ಕೈಗೆ ಕೊಟ್ಟ. ಅದು ಎರಡೂ ಕೈಯಲ್ಲಿ ನನ್ನನ್ನು ಬಾಚಿ ಒಸಡಿಗೆ ಒತ್ತಿಕೊಂಡಿತು. ಜೊಲ್ಲು ನನ್ನ ಆರೂ ಮುಖದ ಮೇಲೆ ಹರಿಯಿತು. ಬೆಂಕಿಯನ್ನೂ ಕಡಿಯಿತು, ನೀರನ್ನೂ ಕಡಿಯಿತು.

ಛೀ, ಎಂಥ ಹೇಸಿಗೆ. ಆದರೆ ಹಲ್ಲು ಬರುವಾಗ ಒಸಡು ನೋಯುತ್ತದೆ. ಕಡಿಯಲು ಗಟ್ಟಿಯಾದದ್ದು ಏನಾದರೂ ಬೇಕು. ಕೂಸು ಅಳು ನಿಲ್ಲಿಸಿದೆ. ಕಡಿದುಕೊಳ್ಳಲಿ ಎಂದು ಸುಮ್ಮನಿದ್ದೇನೆ.